ಹೋಗುವಾಗ ಒಂಬತ್ತು, ಬರುವಾಗ ಹನ್ನೊಂದೂವರೆ

ಟೋಕಿಯೋದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಆಕಾಶಮಾರ್ಗವಾಗಿ ಸುಮಾರು 8,200 ಕಿಲೋಮೀಟರ್. ಗಂಟೆಗೆ 900 ಕಿಲೋಮೀಟರ್ ವೇಗವೆಂದು ಹಿಡಿದರೆ ಒಂಬತ್ತು ಗಂಟೆಯ ದಾರಿ. ಆದರೆ ಕಳೆದ ಜನವರಿಯಲ್ಲಿ ಕೆಲಸದ ನಿಮಿತ್ತ ಹೊರಟಾಗ ನನ್ನ ಟಿಕೆಟ್ಟಿನಲ್ಲಿ ಹೋಗುವುದಕ್ಕೆ ಒಂಬತ್ತೂಕಾಲು ಗಂಟೆ, ಬರುವುದಕ್ಕೆ ಹನ್ನೊಂದೂವರೆ ಗಂಟೆ ಎಂದಿತ್ತು.

ಶನಿವಾರ ಸಂಜೆ ಐದಕ್ಕೆ ವಿಮಾನ ಹೊರಟಿತು. ಎದುರಿನ ಪರದೆಯ ನಕಾಶೆಯಲ್ಲಿ ನಮ್ಮ ಹಾದಿ ಉತ್ತರಕ್ಕೆ ಬಾಗಿ, ಅಲ್ಯೂಷಿಯನ್ ದ್ವೀಪಗಳ ತುಸು ಕೆಳಗೆ ಹಾದು, ಮತ್ತೆ ಇಳಿದಿತ್ತು. ಎರಡೂ ನಗರಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿರುವುದರಿಂದ ನೇರ ಪೂರ್ವಕ್ಕೆ ಹಾರುವುದೇ ಹತ್ತಿರವೆಂದು ಸಪಾಟಾದ ನಕಾಶೆ ನಂಬಿಸುತ್ತದೆ. ಗೋಳದ ಮೇಲೆ ದಾರವೆಳೆದು ನೋಡಿದರೆ ಬಾಗಿದ ಹಾದಿಯೇ ಸುಮಾರು 500 ಕಿಲೋಮೀಟರ್ ಹತ್ತಿರ.

ಊಟ ಮುಗಿಯುವ ಹೊತ್ತಿಗೆ ಪರದೆಯಲ್ಲಿ ವೇಗ ಗಂಟೆಗೆ 1,100 ಕಿಲೋಮೀಟರ್ ದಾಟಿತ್ತು. ಭೂಮಿ ತಿರುಗುವುದರಿಂದಲೇ ಹೀಗೆ ಎಂದು ಪಕ್ಕದ ಪ್ರಯಾಣಿಕರು ವಿವರಿಸಿದರು. ಈ ವಿವರಣೆ ಎಲ್ಲೆಡೆ ಕೇಳಿಬರುತ್ತದೆ, ಆದರೆ ಭೂಮಿ ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ. ವಿಮಾನದ ಕೆಳಗೆ ನೆಲ ಸರಿದುಹೋಗುವಂತಿದ್ದರೆ ಪಶ್ಚಿಮಕ್ಕೆ ಹೋಗುವವರೇ ಬೇಗ ತಲುಪಬೇಕಿತ್ತು. ವಾತಾವರಣವೂ ಭೂಮಿಯ ಜೊತೆಗೇ ತಿರುಗುವುದರಿಂದ ಆ ಲಾಭ ಯಾರಿಗೂ ಇಲ್ಲ. ನಮ್ಮನ್ನು ತಳ್ಳುತ್ತಿದ್ದುದು ಜೆಟ್ ಸ್ಟ್ರೀಮ್, ಅಂದರೆ ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪೂರ್ವಕ್ಕೆ ಬೀಸುವ ಪ್ರಬಲ ಗಾಳಿ. ಉತ್ತರದ ಶೀತಲ ಗಾಳಿಗೂ ದಕ್ಷಿಣದ ಬೆಚ್ಚನೆಯ ಗಾಳಿಗೂ ನಡುವಣ ಉಷ್ಣತೆಯ ವ್ಯತ್ಯಾಸ ಹೆಚ್ಚಿದಷ್ಟೂ ಅದರ ಬಿರುಸು ಹೆಚ್ಚುತ್ತದೆ; ಚಳಿಗಾಲದ ಜಪಾನಿನ ಮೇಲಂತೂ ಅದರ ಆರ್ಭಟ ದೊಡ್ಡದು. 1920ರ ದಶಕದಲ್ಲಿ ಜಪಾನಿನ ತತೇನೋ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಈ ಗಾಳಿಯನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲೆಂದು 1926ರ ವರದಿಯನ್ನು, ಎಲ್ಲ ದೇಶದವರಿಗೂ ಸಾಮಾನ್ಯವಾಗಲೆಂದು ರೂಪಿಸಿದ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದರೂ ಹೊರಗೆ ಅದನ್ನು ಗಮನಿಸಿದವರು ವಿರಳ. 1944ರಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಅದೇ ಗಾಳಿಗೆ ಸಿಕ್ಕಿ ತತ್ತರಿಸಿದವು.

ಪೂರ್ವಕ್ಕೆ ದಾಟಿದರೆ ಒಂದು ದಿನ ಹಿಂದಕ್ಕೆ ಹೋಗುವ ದಿನಾಂಕ ರೇಖೆಯ ದೆಸೆಯಿಂದ ನಾವು ಇಳಿದಾಗ ಅಲ್ಲಿ ಅದೇ ಶನಿವಾರದ ಬೆಳಿಗ್ಗೆ ಒಂಬತ್ತೂಕಾಲು. ಹೊರಟ ಗಳಿಗೆಗಿಂತ ಮುಂಚೆಯೇ ತಲುಪಿದ್ದೆವು!

ಮರಳುವಾಗ ವೇಗ 740ರ ಆಸುಪಾಸಿನಲ್ಲೇ ತೆವಳಿತು. ಎದುರುಗಾಳಿಯ ನಡುಭಾಗವನ್ನು ತಪ್ಪಿಸಲು ಚಾಲಕರು ಅಲಾಸ್ಕಾದ ಕಡೆಗೆ ಸರಿದು, ಬೇರಿಂಗ್ ಸಮುದ್ರದ ಮೇಲಿಂದ ಬಳಸು ದಾರಿ ಹಿಡಿದಿದ್ದರು. ದೂರ ಹೆಚ್ಚಾದರೂ ಸಮಯ ಉಳಿಯುವುದರಿಂದ ವಿಮಾನ ಯಾನದಲ್ಲಿ ಇದು ನಿತ್ಯದ ಲೆಕ್ಕಾಚಾರ. ಆಯಾ ದಿನದ ಗಾಳಿಯನ್ನು ನೋಡಿಕೊಂಡೇ ಹಾದಿ ಗೊತ್ತುಮಾಡುತ್ತಾರೆ.

ಈಚೆಗೆ ಸಹೋದ್ಯೋಗಿಯೊಬ್ಬರಿಗಾಗಿ ಇದೇ ಮಾರ್ಗದ ಜುಲೈ ತಿಂಗಳ ವೇಳಾಪಟ್ಟಿ ನೋಡಿದೆ. ಬೇಸಿಗೆಯಲ್ಲಿ ಜೆಟ್ ಸ್ಟ್ರೀಮ್ ದುರ್ಬಲಗೊಂಡು ಉತ್ತರಕ್ಕೆ ಸರಿಯುವುದರಿಂದ, ಹೋಗುವ ಬರುವ ಸಮಯಗಳ ನಡುವಿನ ವ್ಯತ್ಯಾಸ ಒಂದೂವರೆ ಗಂಟೆಗೂ ಕೆಳಗಿಳಿದಿತ್ತು.