ನಮ್ಮ ಮುತ್ತಜ್ಜಿ ನಿಜವಾಗಿ ಎಷ್ಟು ವರ್ಷ ಬದುಕಿದ್ದರು?

ಹಾಸನ ಜಿಲ್ಲೆಯ ನಮ್ಮ ಮನೆತನದ ಚರಿತ್ರೆಯನ್ನು ನಾನು ಬರೆದಿಡುತ್ತಿದ್ದೇನೆಂದು ತಿಳಿದವರೆಲ್ಲ ಮೊದಲು ಕೇಳುವುದು ಇದನ್ನೇ: ನಿಮ್ಮ ಮುತ್ತಜ್ಜಿ 110 ವರ್ಷ ಬದುಕಿದ್ದರಂತಲ್ಲ, ಅದು ನಿಜವೇ, ಆ ಕಾಲದಲ್ಲಿ ಹುಟ್ಟಿದ ದಿನವನ್ನು ಯಾರು ಬರೆದಿಟ್ಟಿದ್ದರು? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಬದುಕಿದ್ದದ್ದು 110 ವರ್ಷವಲ್ಲ; 102 ಅಥವಾ 103. ಈ ಲೆಕ್ಕ ಹೇಗೆ ಬಂತೆಂಬುದರಲ್ಲಿಯೇ ಅವರ ಬದುಕಿನ ಬಹುಪಾಲು ಅಡಗಿದೆ.

2005ರ ಮಳೆಗಾಲದಲ್ಲಿ ಅವರು ತೀರಿಕೊಂಡಾಗ ಪುಣ್ಯಾರಾಧನೆಯ ಪತ್ರಿಕೆಯಲ್ಲಿ 110 ಎಂದು ಅಚ್ಚಾಯಿತು. ಅದಕ್ಕೂ ಹತ್ತು ವರ್ಷ ಮೊದಲು ಮತದಾರರ ಗುರುತಿನ ಚೀಟಿಯಲ್ಲಿ 80 ಎಂದು ಬರೆದಿದ್ದರು. ಎರಡೂ ಊಹೆಗಳೇ. ಜನನ ಮರಣಗಳ ನೋಂದಣಿಯನ್ನು ದೇಶಕ್ಕೆಲ್ಲ ಒಂದೇ ಸಮನಾಗಿ ಕಡ್ಡಾಯಗೊಳಿಸಿದ ಕಾಯ್ದೆ ಬಂದದ್ದು 1969ರಲ್ಲಿ. ಮೈಸೂರು ಸಂಸ್ಥಾನದಲ್ಲಿ 1871ರಿಂದಲೇ ಜನಗಣತಿ ನಡೆಯುತ್ತಿದ್ದರೂ, ವಯಸ್ಸು ಕೇಳಿದರೆ ಜನ ಸೊನ್ನೆಗೋ ಐದಕ್ಕೋ ಕೊನೆಗೊಳ್ಳುವ ಸಂಖ್ಯೆಯನ್ನು ಹೇಳುತ್ತಿದ್ದದ್ದೇ ಹೆಚ್ಚು. ಎಂಬತ್ತು ದಾಟಿದ ಮೇಲಂತೂ ಗೌರವದಿಂದಲೇ ವರ್ಷಗಳು ಕೂಡಿಕೊಳ್ಳುತ್ತವೆ. ಓದು ಬರಹದ ಮನೆತನಗಳ ಮಾತೇ ಬೇರೆ ಎನ್ನುವವರಿಗೆ ನಾನು ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನಪಿಸುತ್ತೇನೆ. ಸಂಸ್ಥಾನದ ದಿವಾನರಾಗಿದ್ದ ಅವರ ಜನನ ವರ್ಷವೇ 1860 ಎಂದೂ 1861 ಎಂದೂ ಎರಡು ಬಗೆಯಲ್ಲಿ ಸಿಗುತ್ತದೆ. ಹೀಗಿರುವಾಗ ಚನ್ನರಾಯಪಟ್ಟಣ ಸೀಮೆಯ ಒಬ್ಬ ಸಣ್ಣ ರೈತನ ಮಗಳಿಗೆ ಹುಟ್ಟಿದ ತಾರೀಖು ಎಲ್ಲಿಂದ ಬರಬೇಕು?

ತಾರೀಖು ಸಿಗಲಿಲ್ಲ, ಒಂದು ಭೋಗ್ಯ ಪತ್ರ ಸಿಕ್ಕಿತು. ಮುತ್ತಜ್ಜಿಯ ತವರುಮನೆಯ ಅಟ್ಟದಲ್ಲಿ, ಹಳೆಯ ಕಂದಾಯದ ರಸೀದಿಗಳ ಜೊತೆ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಛಾಪಾ ಕಾಗದ ಅದು. ಮಡಿಕೆಯ ಗೆರೆಗಳಲ್ಲಿ ಹರಿದು ನಾಲ್ಕು ತುಂಡಾಗಿದ್ದರೂ ಅಕ್ಷರ ಮಾಸಿರಲಿಲ್ಲ. ಆನಂದ ಸಂವತ್ಸರದ ವೈಶಾಖ ಮಾಸದಲ್ಲಿ, ‘ಮಗಳ ಮದುವೆ ಖರ್ಚಿನ ಬಾಬ್ತು’ ಎಂದು ಕಾರಣ ಕಾಣಿಸಿ, ಅವರ ತಂದೆ ಒಂದು ತಾಕು ಹೊಲವನ್ನು ಭೋಗ್ಯಕ್ಕೆ ಹಾಕಿದ್ದರು. ಕೆಳಗೆ ಹೆಬ್ಬೆಟ್ಟಿನ ಗುರುತು. ಸಂವತ್ಸರಗಳ ಚಕ್ರ 60 ವರ್ಷಕ್ಕೊಮ್ಮೆ ತಿರುಗುವುದರಿಂದ ಆನಂದ ಸಂವತ್ಸರವು 1914ರಲ್ಲಾದರೂ ಇರಬೇಕು, 1974ರಲ್ಲಾದರೂ ಇರಬೇಕು. ಇಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಆ ಮನೆಗೆ ಒಬ್ಬಳೇ ಮಗಳು. ಹಾಗಾಗಿ ಮುತ್ತಜ್ಜಿಯ ಮದುವೆ 1914ರ ಬೇಸಿಗೆಯಲ್ಲಿ ನಡೆದದ್ದೆಂದು ನಿಶ್ಚಯವಾಯಿತು. ಆ ಹೊಲವನ್ನು ಅವರ ತಂದೆಗೆ ಬಿಡಿಸಿಕೊಳ್ಳಲು ಆಗಲೇ ಇಲ್ಲ. ಗೊರೂರಿನಲ್ಲಿ ಅಣೆಕಟ್ಟು ಕಟ್ಟಿ ಹೇಮಾವತಿ ನಾಲೆ ಹರಿದ ಮೇಲೆ ಅದೇ ಹೊಲ ಇನ್ನೊಬ್ಬರ ಗದ್ದೆಯಾಯಿತು. ತನ್ನ ಮದುವೆಗಾಗಿ ತವರಿನ ಭೂಮಿ ಹೋಯಿತೆಂಬ ಸಂಕಟವನ್ನು ಮುತ್ತಜ್ಜಿ ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರಂತೆ. ಮೈನೆರೆಯುವ ಮೊದಲೇ ಮದುವೆಯಾಯಿತೆಂದೂ ಹೇಳುತ್ತಿದ್ದರು. ಸಂಸ್ಥಾನದ 1894ರ ಕಾನೂನು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ಮಾತ್ರ ತಡೆದಿತ್ತಾದ್ದರಿಂದ ಹನ್ನೊಂದು ಹನ್ನೆರಡು ವರ್ಷದ ಹುಡುಗಿಯ ಮದುವೆಗೆ ಯಾವ ಅಡ್ಡಿಯೂ ಇರಲಿಲ್ಲ.

ಎರಡನೆಯ ಗುರುತು ಅವರ ಬಾಯಿಂದಲೇ ಬಂದದ್ದು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ಅವರು ಮದುವೆಗೆ ಮೊದಲೇ ನೋಡಿದ್ದರು. ಬಾಹುಬಲಿಯ ತಲೆಯ ಹಿಂದೆ ಕಟ್ಟಿದ್ದ ಅಟ್ಟಣಿಗೆ, ಹಾಲು ಇಳಿದು ಬಂದಾಗ ಬೆಳ್ಳಗಾದ ಮುಖ, ಆಮೇಲೆ ಅರಿಶಿನದ ನೀರಿಗೆ ಬಣ್ಣ ತಿರುಗಿದ ಎದೆ, ಇವನ್ನೆಲ್ಲ ಕಣ್ಣೆದುರಿಗೆ ಇರುವಂತೆ ವಿವರಿಸುತ್ತಿದ್ದರು. “ನಾನು ಗಾಡಿ ಹಿಂದೆ ನಡ್ಕಂಡ್ ಹೋದೋಳು, ತಮ್ಮ ಅಪ್ಪನ ಹೆಗಲ ಮೇಲಿದ್ದ” ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾದ ಮಾತು. ಅಭಿಷೇಕ ನಡೆದದ್ದು 1910ರಲ್ಲಿ. ಅದರ ನಂತರದ್ದು 1925ರಲ್ಲಿ. ಆದುದರಿಂದ ಅವರು ನೋಡಿದ್ದು 1910ರದ್ದೇ. ಅಷ್ಟು ದೂರ ನಡೆಯಬಲ್ಲ, ಕಂಡದ್ದನ್ನು ನೆನಪಿಟ್ಟುಕೊಳ್ಳಬಲ್ಲ ಹುಡುಗಿಗೆ ಆಗ ಏಳೋ ಎಂಟೋ ವರ್ಷವಾಗಿರಬೇಕು. ಹೆಗಲ ಮೇಲಿದ್ದ ಆ ತಮ್ಮ ಮುಂದೆ ಶಾಲೆಯ ಮೇಷ್ಟರಾದರು. ಅವರ ಸೇವಾ ಪುಸ್ತಕದಲ್ಲಿ ಜನನ ವರ್ಷ 1905 ಎಂದಿದೆ. ಅಕ್ಕ ತಮ್ಮನ ನಡುವೆ ಮೂರು ವರ್ಷದ ಅಂತರವೆಂದು ಇಬ್ಬರೂ ಹೇಳುತ್ತಿದ್ದರು. ಶಾಲೆಗೆ ಸೇರಿಸುವಾಗ ವರ್ಷವನ್ನು ಒಂದಿಷ್ಟು ಹಿಂದೆ ಮುಂದೆ ಮಾಡಿ ಬರೆಸುವ ರೂಢಿಯಿದ್ದುದರಿಂದ ನಾನು ಒಂದು ವರ್ಷದ ಸಡಿಲವನ್ನು ಉಳಿಸಿಕೊಂಡು, ಮುತ್ತಜ್ಜಿ ಹುಟ್ಟಿದ್ದು 1902ರಲ್ಲಿ ಅಥವಾ 1903ರಲ್ಲಿ ಎನ್ನುತ್ತೇನೆ.

ಕಾಳಯುಕ್ತಿ ಸಂವತ್ಸರದ ಜ್ವರವೂ ಈ ಲೆಕ್ಕಕ್ಕೆ ಹೊಂದುತ್ತದೆ. ಜಗತ್ತನ್ನೆಲ್ಲ ಸುತ್ತಿದ 1918ರ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನದ ಹಳ್ಳಿ ಹಳ್ಳಿಯನ್ನೂ ಹೊಕ್ಕಾಗ ಮುತ್ತಜ್ಜಿ ಬೇಲೂರು ತಾಲ್ಲೂಕಿನ ಮಲೆನಾಡಿನ ಸೆರಗಿನಲ್ಲಿದ್ದ ಗಂಡನ ಮನೆಯಲ್ಲಿದ್ದರು. ಚೊಚ್ಚಲ ಮಗಳು ಅಂಬೆಗಾಲಿಡುತ್ತಿದ್ದಳು. ಒಂದೇ ವಾರದಲ್ಲಿ ಅತ್ತೆಯೂ ಮೈದುನನೂ ಹೋದರು. ಹೊರುವುದಕ್ಕೆ ನಾಲ್ಕು ಜನ ಗಟ್ಟಿಯಾಗಿರಲಿಲ್ಲವಾದ್ದರಿಂದ ಮೈದುನನ ಹೆಣವನ್ನು ಗೊಬ್ಬರದ ಗಾಡಿಯಲ್ಲಿ ಸಾಗಿಸಿದರಂತೆ. ಇದನ್ನು ಹೇಳುವಾಗ ಮುತ್ತಜ್ಜಿಯ ದನಿಯಲ್ಲಿ ಏರಿಳಿತವೇ ಇರುತ್ತಿರಲಿಲ್ಲವೆಂದು ನನ್ನ ತಂದೆ ನೆನೆಯುತ್ತಾರೆ.

ಈಗ 110ನ್ನು ಒರೆಗೆ ಹಚ್ಚಿ ನೋಡೋಣ. ಅದು ನಿಜವಾದರೆ ಅವರು 1895ರಲ್ಲಿ ಹುಟ್ಟಿರಬೇಕು. ಮದುವೆಯ ಹೊತ್ತಿಗೆ 19 ತುಂಬಿರಬೇಕು, ತಮ್ಮನಿಗಿಂತ ಹತ್ತು ವರ್ಷ ದೊಡ್ಡವರಾಗಿರಬೇಕು. ಇದ್ದ ಒಬ್ಬಳೇ ಮಗಳನ್ನು 19ರವರೆಗೆ ಮದುವೆ ಮಾಡದೆ ಇಟ್ಟುಕೊಳ್ಳುವ ಮನೆ ಆಗ ಆ ಸೀಮೆಯಲ್ಲಿ ಇರಲಿಲ್ಲ. ಲೋಕದಲ್ಲಿ ಅತಿ ದೀರ್ಘಕಾಲ ಬದುಕಿದವರೆಂದು ದಾಖಲಾದ ಫ್ರಾನ್ಸಿನ ಜಾನ್ ಕಾಲ್ಮಾಂ 122 ವರ್ಷ ಬದುಕಿ 1997ರಲ್ಲಿ ತೀರಿಕೊಂಡರು. ಅವರ ವಯಸ್ಸನ್ನು ಒಪ್ಪಿದ್ದು 1875ರ ಜನನ ದಾಖಲೆಯನ್ನೂ ಒಂದಾದ ಮೇಲೊಂದರಂತೆ ನಡೆದ ಜನಗಣತಿಗಳನ್ನೂ ತಾಳೆ ನೋಡಿದ ಮೇಲೆ. ನಮ್ಮಲ್ಲಿ ಅಂಥ ದಾಖಲೆಗಳಿಲ್ಲವೆಂದು ಬಾಯಿಗೆ ಬಂದ ಸಂಖ್ಯೆಯನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಹೆಳವರನ್ನು ಕೇಳಬಹುದಿತ್ತಲ್ಲ ಎಂದು ಕೆಲವರು ಹೇಳುತ್ತಾರೆ. ಕೇಳಿದೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಂದು, ಅಂಗಳದಲ್ಲಿ ಗಂಟೆ ಬಾರಿಸಿ, ಮನೆತನದ ವಂಶಾವಳಿಯನ್ನು ಓದಿ ಹೇಳುವ ಹೆಳವರು ನಮಗೆ ದೊಡ್ಡ ಆಸ್ತಿ. ಅವರಿಲ್ಲದಿದ್ದರೆ ಮುತ್ತಜ್ಜನ ಹಿಂದಿನ ತಲೆಮಾರುಗಳು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ನಮ್ಮ ಮನೆಯ ಹೆಳವರ ಪುಸ್ತಕದಲ್ಲಿ ಇರುವುದು ಗಂಡುಮಕ್ಕಳ ಹೆಸರುಗಳು. ಮುತ್ತಜ್ಜನ ಹೆಸರಿನ ಪಕ್ಕದಲ್ಲಿ ‘ಚನ್ನರಾಯಪಟ್ಟಣ ಸೀಮೆ ಹೆಣ್ಣು’ ಎಂದಷ್ಟೇ ಬರೆದಿದೆ. ಖಾತೆ ಬದಲಾವಣೆಗಾಗಿ ಹಿಂದೆ ಮಾಡಿಸಿದ್ದ ವಂಶವೃಕ್ಷದಲ್ಲೂ ಅವರ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟಿದ್ದರು. ನೂರು ದಾಟಿ ಬದುಕಿ, ನಾಲ್ಕು ತಲೆಮಾರಿನ ಬಾಣಂತನ ಮಾಡಿದ ಹೆಂಗಸು ತನ್ನ ಮನೆತನದ ಯಾವ ಕಾಗದದಲ್ಲಿಯೂ ಹೆಸರಿನಿಂದ ಇಲ್ಲವೆಂಬುದು ನನಗೆ ವಯಸ್ಸಿನ ಚರ್ಚೆಗಿಂತ ಹೆಚ್ಚು ನೋವಿನ ಸಂಗತಿ. ನಾನು ಬರೆಯುತ್ತಿರುವ ವಂಶಾವಳಿಯನ್ನು ಅವರ ಹೆಸರಿನಿಂದಲೇ ಆರಂಭಿಸಿದ್ದೇನೆ.

ಏನು ಊಟ ಮಾಡುತ್ತಿದ್ದರು ಎಂದೂ ತಪ್ಪದೆ ಕೇಳುತ್ತಾರೆ. ರಾಗಿ ಮುದ್ದೆ, ಹುರುಳಿ ಸಾರು, ಮಲೆನಾಡಿಗೆ ಬಂದ ಮೇಲೆ ಅಕ್ಕಿ ರೊಟ್ಟಿ. ಅದೇ ಒಲೆಯ ಅದೇ ಊಟವನ್ನು ಉಂಡ ಅವರ ಒಂಬತ್ತು ಮಕ್ಕಳಲ್ಲಿ ಐದು ಮಕ್ಕಳು ಉಳಿಯಲಿಲ್ಲ. ಅವರಲ್ಲಿ ಮೂವರನ್ನು ಕೊಂಡೊಯ್ದದ್ದು ಮಲೆನಾಡಿನ ಚಳಿಜ್ವರ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಮನೆಮನೆಯ ಗೋಡೆಗೂ ಡಿಡಿಟಿ ಹೊಡೆದ ಮೇಲೆ ನಮ್ಮ ಮನೆಯಲ್ಲಿ ಚಳಿಜ್ವರದ ಸಾವು ನಿಂತಿತು. ಆದ್ದರಿಂದ ಊಟದ ಗುಟ್ಟು ಎಂದು ಯಾರಾದರೂ ಬರೆದುಕೊಳ್ಳಲು ಹೊರಟರೆ ನಾನು ತಡೆಯುತ್ತೇನೆ.

ನಿಮ್ಮ ಮನೆಯಲ್ಲಿ ತೊಂಬತ್ತು ದಾಟಿದವರು ಇದ್ದರೆ ಅವರನ್ನು ವಯಸ್ಸೆಷ್ಟು ಎಂದು ಕೇಳಬೇಡಿ. ಯಾವ ಅಭಿಷೇಕ ನೋಡಿದಿರಿ, ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ 1940ರಲ್ಲಿ ಮನೆಯಲ್ಲಿ ಯಾವ ಮಗು ತೊಟ್ಟಿಲಲ್ಲಿತ್ತು, ಸ್ವಾತಂತ್ರ್ಯ ಬಂದಾಗ ತವರಲ್ಲಿದ್ದಿರೋ ಗಂಡನ ಮನೆಯಲ್ಲೋ, ತಮ್ಮ ತಂಗಿಯರಲ್ಲಿ ಶಾಲೆಗೆ ಹೋದವರು ಯಾರು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ಅಟ್ಟದ ಮೇಲಿನ ಕಾಗದದ ಗಂಟನ್ನು ಬಿಚ್ಚಿ ತಾಳೆ ನೋಡಿ.