ಕೆನಡಾ ವರ್ಕ್ ಪರ್ಮಿಟ್: ದಿನ ಎಣಿಸುವುದು ಎಲ್ಲಿಂದ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಕೆನಡಾಕ್ಕೆ ಹೋದ ಮಕ್ಕಳು ಹೆಚ್ಚಾಗಿ ಎಡವುವುದು ತಾರೀಕಿನಲ್ಲಿ. ಓದು ಮುಗಿದ ಮೇಲಿನ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಲು ಸಿಗುವುದು 180 ದಿನ. ಎಣಿಕೆ ಘಟಿಕೋತ್ಸವದಿಂದ ಅಲ್ಲ, ಕೋರ್ಸ್ ಮುಗಿದಿದೆ ಎಂದು ಕಾಲೇಜು ಲಿಖಿತವಾಗಿ ತಿಳಿಸಿದ ದಿನದಿಂದ. ಪತ್ರ ಏಪ್ರಿಲ್ 28ಕ್ಕೆ ಬಂದರೆ ಅಕ್ಟೋಬರ್ 25ಕ್ಕೆ ಗಡುವು ಮುಗಿಯಿತು. ಗೌನ್ ಹಾಕಿದ ಫೋಟೋ ಊರಿನ ಗೋಡೆಗೆ ಬರಲಿ ಎಂದು ಕಾದರೆ ಕೆಟ್ಟಿತು. ಅದರ ಮೇಲೆ ಸ್ಟಡಿ ಪರ್ಮಿಟ್ (ಓದಲು ಕೊಟ್ಟ ಅನುಮತಿ) ಕೂಡ ಕೋರ್ಸ್ ಮುಗಿದ 90 ದಿನಕ್ಕೆ ಸತ್ತುಹೋಗುತ್ತದೆ. ಆದ್ದರಿಂದ ಅದರೊಳಗೇ ಹಾಕಿಬಿಡಿ.

ಕೋರ್ಸ್ ಕನಿಷ್ಠ 8 ತಿಂಗಳದ್ದಿರಬೇಕು. 2 ವರ್ಷ ಅಥವಾ ಹೆಚ್ಚಿನದಾದರೆ 3 ವರ್ಷದ ವರ್ಕ್ ಪರ್ಮಿಟ್; ಅದಕ್ಕಿಂತ ಕಡಿಮೆಯಾದರೆ ಓದಿದಷ್ಟೇ ಕಾಲ. ಮಾಸ್ಟರ್ಸ್‌ಗೆ ಮಾತ್ರ 2024ರಿಂದ ವಿನಾಯಿತಿ: 8 ತಿಂಗಳದ್ದಾದರೂ 3 ವರ್ಷ.

ಪಾಸ್‌ಪೋರ್ಟ್ ನೋಡಿಕೊಳ್ಳಿ. ಅದು 14 ತಿಂಗಳಲ್ಲಿ ಮುಗಿಯುವುದಾದರೆ ಪರ್ಮಿಟ್ಟೂ ಅಷ್ಟಕ್ಕೇ ನಿಲ್ಲುತ್ತದೆ. ಉಳಿದ ಅವಧಿಗೆ ಮತ್ತೆ ಅರ್ಜಿ, ಮತ್ತೆ ಕಾಯುವಿಕೆ. ಅವಧಿ ಕಡಿಮೆ ಉಳಿದಿದ್ದರೆ ಊರಿಂದ ಹೊರಡುವ ಮೊದಲೇ ನವೀಕರಿಸುವುದು ಜಾಣತನ.

2024ರ ನವೆಂಬರ್ 1ರಿಂದ ಭಾಷಾ ಪರೀಕ್ಷೆಯ ಅಂಕವೂ ಬೇಕು, ವಿಶ್ವವಿದ್ಯಾಲಯದ ಪದವಿಗೆ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 7. ಹೋಗುವಾಗ ಬರೆದ ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ಅಕಾಡೆಮಿಕ್ ಆಗಿದ್ದರೆ ಸಾಲುವುದಿಲ್ಲ. ಅದೇ ಪರೀಕ್ಷೆಯ ಜನರಲ್ ಟ್ರೈನಿಂಗ್ ಎಂಬ ಬಗೆ ಬೇಕು, ಫಲಿತಾಂಶ 2 ವರ್ಷದೊಳಗಿನದಾಗಿರಬೇಕು. ಕೊನೆಯ ಸೆಮಿಸ್ಟರ್‌ನಲ್ಲೇ ಬರೆದುಬಿಡಿ. ಈ ಪರ್ಮಿಟ್ ಜೀವನದಲ್ಲಿ ಒಂದೇ ಸಲ. ಡಿಪ್ಲೊಮಾಕ್ಕೆ ಬಳಸಿದರೆ ಮುಂದಿನ ಮಾಸ್ಟರ್ಸ್‌ಗೆ ಇಲ್ಲ.