ಪದಗಳ ವಂಶವೃಕ್ಷ: 'ಪ್ರೊಕ್ಲಿವಿಟಿ' ಕೊಂಬೆ ಎಲ್ಲಿಗೆ ಬಂತು

ಇಂಗ್ಲಿಷ್ ಪದಗಳ ವಂಶವೃಕ್ಷವನ್ನು ಡ್ರಾಯಿಂಗ್ ಶೀಟ್ ಮೇಲೆ ಬರೆಯುವ ಕೆಲಸ ಮುಂದುವರಿದಿದೆ. ಈ ವಾರ 'ಪ್ರೊಕ್ಲಿವಿಟಿ' ಕೊಂಬೆ ಹೆಚ್ಚುಕಡಿಮೆ ಮುಗಿಯಿತು. ಮನಸ್ಸು ತಾನಾಗಿ ಒಂದು ಕಡೆಗೆ ವಾಲುವ ಗುಣಕ್ಕೆ ಈ ಹೆಸರು. ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದ ಕೊನೆಯಲ್ಲಿ.

ಬೇರು ಲ್ಯಾಟಿನ್ನಿನದು. 'ಪ್ರೋ' ಅಂದರೆ ಮುಂದಕ್ಕೆ, 'ಕ್ಲೀವುಸ್' ಅಂದರೆ ಇಳಿಜಾರು. ರೋಮ್‌ನಲ್ಲಿ ಊರಿನ ಮುಖ್ಯ ಚೌಕವಾಗಿದ್ದ ಫೋರಮ್‌ನಿಂದ ಕ್ಯಾಪಿಟೋಲಿನ್ ಗುಡ್ಡ ಹತ್ತುವ ಹಳೆಯ ರಸ್ತೆಗೆ 'ಕ್ಲೀವುಸ್ ಕ್ಯಾಪಿಟೋಲಿನುಸ್' ಎಂದೇ ಹೆಸರು. ಇಳಿಜಾರಿನಲ್ಲಿ ನಡೆಯೋದು ಸುಲಭ ಅಲ್ವಾ? ಇವೆರಡೂ ಸೇರಿ ಆದ ಲ್ಯಾಟಿನ್ನಿನ 'ಪ್ರೋಕ್ಲೀವಿಸ್' ಪದಕ್ಕೆ 'ಸುಲಭ' ಎಂಬ ಅರ್ಥವೂ ಇತ್ತು.

ಇಂಗ್ಲಿಷಿನಲ್ಲಿ ಈ ಪದ ಕೆಟ್ಟ ಚಟಗಳ ಜೊತೆಗೇ ಜಾಸ್ತಿ ಕಾಣಿಸುತ್ತದೆ. ರೋಮಿನ ವಾಗ್ಮಿ, ಚಿಂತಕ ಸಿಸೆರೋ ಕ್ರಿ.ಪೂ. 45ರ ಸುಮಾರಿಗೇ ಈ ಗೆರೆ ಎಳೆದಿದ್ದ. ಒಳ್ಳೆಯದರ ಕಡೆಗಿನ ಒಲವನ್ನು 'ಫಕಿಲಿಟಾಸ್' ಅನ್ನಿ, ಕೆಟ್ಟದ್ದರ ಕಡೆಗಿದ್ದರೆ 'ಪ್ರೋಕ್ಲೀವಿಟಾಸ್' ಅನ್ನಿ, ಅದರಲ್ಲಿ ಜಾರುವ ಸೂಚನೆ ಇದೆ ಎಂದು ಬರೆದ. ಇಷ್ಟು ಹಳೆಯ ಎಚ್ಚರಿಕೆ ಪದದೊಳಗೆ ಇನ್ನೂ ಉಳಿದಿದೆ ಅನ್ನೋದು ನನಗೆ ತುಂಬಾ ಹಿಡಿಸಿತು. ಶೀಟ್‌ನಲ್ಲಿ ಇದಕ್ಕೆ ಕೆಂಪು ಶಾಯಿ.

ಇನ್ನೂ ಕೆಳಗಿಳಿದರೆ 'ಒರಗು' ಎಂಬ ಅರ್ಥದ ಇಂಡೋ-ಯುರೋಪಿಯನ್ (ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಎಲ್ಲಕ್ಕೂ ಪೂರ್ವಜವಾದ ಭಾಷೆಯ) ಮೂಲ ಸಿಗುತ್ತದೆ. ಇಂಗ್ಲಿಷಿನ 'ಲೀನ್', 'ಲ್ಯಾಡರ್' ಅಲ್ಲಿಂದಲೇ ಬಂದವು. 'ಕ್ಲಿನಿಕ್' ಕೂಡ: ಗ್ರೀಕಿನ 'ಕ್ಲೀನೇ' ಅಂದರೆ ಒರಗುವ ಹಾಸಿಗೆ. 'ಕ್ಲೈಮೇಟ್' ಗ್ರೀಕಿನ 'ಕ್ಲಿಮ', ಅಂದರೆ ಇಳಿಜಾರು. ಅದು ಮೊದಲು ಭೂಮಿಯ ವಲಯಗಳಿಗೆ ಹೆಸರಾಗಿ, ಆಮೇಲೆ ಅಲ್ಲಿನ ಹವೆಗೆ ಹೆಸರಾಯಿತು.

ಈ ಮೂಲದ ಸಂಸ್ಕೃತ ರೂಪ 'ಶ್ರಿ', ಅಂದರೆ ಒರಗು, ಆತುಕೊಳ್ಳು. ಗ್ರೀಕ್, ಲ್ಯಾಟಿನ್ನಿನ 'ಕ್ಲ್' ಸಂಸ್ಕೃತದಲ್ಲಿ 'ಶ್ರ್' ಆಗಿ ಕಾಣುವುದು ಸುಮ್ನೆ ಆಕಸ್ಮಿಕವಲ್ಲ. 'ಕೇಳಿಬಂದ, ಹೆಸರಾದ' ಎಂಬ ಅರ್ಥದ ಗ್ರೀಕಿನ 'ಕ್ಲುಟೋಸ್' ಸಂಸ್ಕೃತದ 'ಶ್ರುತ'ಕ್ಕೆ ಜೋಡಿ. ಈ 'ಶ್ರಿ'ಯಿಂದ ಬಂದದ್ದೇ 'ಆಶ್ರಯ', 'ಆಶ್ರಿತ'. ಸಂಸ್ಕೃತದಿಂದ ಎರವಲು ಬಂದು ಕನ್ನಡದ್ದೇ ಆಗಿಹೋದ ಪದಗಳು ಸಿಸೆರೋನ ಪದಕ್ಕೆ ದೂರದ ನೆಂಟರು! ಅಚ್ಚಗನ್ನಡದ 'ವಾಲು', 'ಒರಗು' ದ್ರಾವಿಡದವು. ಅವನ್ನು ಈ ಮರಕ್ಕೆ ಸೇರಿಸಿಲ್ಲ.

ಬಾಕಿ ಇರೋದು 'ಪ್ರೊಪೆನ್ಸಿಟಿ' ಮತ್ತು 'ಪೆಂಚಂಟ್'. ಅರ್ಥ ಹತ್ತಿರವಾದರೂ ಬೇರು ಬೇರೆ. ಅವು ಲ್ಯಾಟಿನ್ನಿನ ತೂಗು, ನೇತಾಡು ಎಂಬ ಪದದಿಂದ ಹುಟ್ಟಿದವು, 'ಪೆಂಡ್ಯುಲಮ್', 'ಪೆಂಡೆಂಟ್' ಇದ್ದ ಹಾಗೆ. ಅದಕ್ಕೆ ಹೊಸ ಶೀಟ್ ತಂದಿಟ್ಟಿದ್ದೇನೆ.